16 ಇಂಚು ಎಲ್ಲಿ ಹೋಯಿತು?

ಶುಕ್ರವಾರ ಸಂಜೆ ಏಳು ಗಂಟೆ. ಶನಿವಾರ ಬೆಳಿಗ್ಗೆ ಡೆಲಿವರಿ. ಆರು ವರ್ಷದ ಹುಡುಗಿಯ ಫ್ರಾಕು, ಕೆಳಗಿನ ಘೇರು 80 ಇಂಚು. ಫ್ರಿಲ್ಲನ್ನು ಸುತ್ತಲೂ ಪಿನ್ ಮಾಡುತ್ತಾ ಬಂದೆ. ಸೈಡ್ ಹೊಲಿಗೆ ದಾಟಿ ಹಿಂದಕ್ಕೆ ಬರುವಷ್ಟರಲ್ಲಿ ಫ್ರಿಲ್ ಮುಗಿದುಹೋಯಿತು. ಘೇರು ಇನ್ನೂ ಹತ್ತಿರ ಹತ್ತಿರ ಎರಡು ಗೇಣು ಬರಿದಾಗಿತ್ತು.

ಎಲ್ಲೋ ಎಳೆದು ಪಿನ್ ಮಾಡಿರಬೇಕು ಅಂದುಕೊಂಡೆ. ಎಲ್ಲ ಪಿನ್ ತೆಗೆದು ಮತ್ತೆ ಮೊದಲಿಂದ ಹಾಕಿದೆ. ಅಷ್ಟೇ ಕಡಿಮೆ. ಟೇಪ್ ಹಿಡಿದೆ. 64 ಇಂಚು.

ಬಟ್ಟೆ ಅಂಗಡಿಯದಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅದು ಆ ಮಗುವಿನ ಅಮ್ಮ ಕೊಟ್ಟ ಹಳೇ ರೇಷ್ಮೆ ಆರ್ಗೆನ್ಜಾ ಸೀರೆ, ಗರಿಗರಿಯಾದ ತೆಳು ಬಟ್ಟೆ. ಸೆರಗು ಎದೆ ಮೇಲಿನ ಯೋಕ್‌ಗೆ ಹೋಗಿತ್ತು, ಒಳತುದಿ ತೋಳಿಗೆ. ಮಧ್ಯದ ಮೈಯಲ್ಲಿ ಫ್ರಾಕಿನ ಮೂರು ಟಯರ್, ಅಂದರೆ ಒಂದರ ಕೆಳಗೊಂದು ಬರುವ ಹಂತಗಳು. ಉಳಿದದ್ದು ಬರೀ ಚೂರುಗಳು. ಜಾಯಿಂಟ್ ಹಾಕಲೂ ಬಟ್ಟೆ ಇಲ್ಲ.

ಕಟಿಂಗ್ ಟೇಬಲ್ಲಿಂದ ಮಾಸ್ಟ್ರು ಬಂದರು. ಫ್ರಿಲ್ಲನ್ನು ತಿರುಗಿಸಿ ನೋಡಿದರು. "ಸ್ಯಾಂಪಲ್ ಎಷ್ಟು ಬಂದಿತ್ತಮ್ಮಾ?"

"20 ಇಂಚಿಗೆ 10, ಮಾಸ್ಟ್ರೇ. ಸರಿಯಾಗಿ ಅರ್ಧ."

"ಹೊಲಿಗೆ ಎಷ್ಟರಲ್ಲಿ ಇಟ್ಟಿದ್ದೆ?"

"ಮೂರು." ಹೇಳುವಾಗಲೇ ಕಣ್ಣು ಹೊಲಿಗೆ ಉದ್ದದ ಡಯಲ್ ಕಡೆ ಹೋಯಿತು. ಡಯಲ್ ಎರಡರಲ್ಲಿತ್ತು.

ತಿರುಗಿಸಿದ್ದು ನಾನೇ. ಮರೆತಲ್ಲ, ಬೇಕು ಅಂತಲೇ. ತೆಳು ಬಟ್ಟೆ ಅಲ್ವಾ, ಹೊಲಿಗೆ ಸಣ್ಣಗಿದ್ದರೆ ಚೆನ್ನಾಗಿ ಕೂರುತ್ತೆ ಅಂದುಕೊಂಡೆ. ಮಾಮೂಲಿ ಹೊಲಿಗೆಯಲ್ಲಿ ಅದು ಸರಿ. ಆದರೆ ಈ ಫ್ರಿಲ್ ಹೊಲಿದದ್ದು ರಫ್ಲರ್ ಫುಟ್ಟಲ್ಲಿ, ಅಂದರೆ ಮಷಿನ್ ಸೂಜಿಯ ಹತ್ತಿರ ಕೂರಿಸುವ, ತಾನೇ ಮಡಿಕೆ ಹಾಕುವ ಭಾಗದಲ್ಲಿ. ಅದರದು ಬೇರೆಯೇ ಲೆಕ್ಕ. ಅದು ಇಂಚು ನೋಡುವುದಿಲ್ಲ, ಹೊಲಿಗೆ ಎಣಿಸುತ್ತದೆ. ಒಂದರ ಸೆಟ್ಟಿಂಗ್‌ನಲ್ಲಿಟ್ಟರೆ ಪ್ರತಿ ಹೊಲಿಗೆಗೂ ಒಂದು ಮಡಿಕೆ ಒಳಗೆ ತಳ್ಳುತ್ತದೆ. ಆರರಲ್ಲಿಟ್ಟರೆ ಆರಕ್ಕೊಂದು, ಹನ್ನೆರಡರಲ್ಲಿಟ್ಟರೆ ಹನ್ನೆರಡಕ್ಕೊಂದು. ಹೊಲಿಗೆ ಸಣ್ಣದಾದರೆ ಮಡಿಕೆಗಳು ಹತ್ತಿರ ಹತ್ತಿರ ಬರುತ್ತವೆ, ಬಟ್ಟೆ ಜಾಸ್ತಿ ತಿನ್ನುತ್ತದೆ. ಮೂರು ಮಿಲಿಮೀಟರ್ ಹೊಲಿಗೆಯಲ್ಲಿ ಅರ್ಧಕ್ಕೆ ಇಳಿಯಬೇಕಿದ್ದ 160 ಇಂಚಿನ ಪಟ್ಟಿ ಎರಡರಲ್ಲಿ 64ಕ್ಕೆ ಇಳಿದಿತ್ತು.

ಸಣ್ಣ ಗೆರೆಯಂಥ ಮಡಿಕೆ ಎಬ್ಬಿಸುವ ಪಿನ್‌ಟಕ್ ಫುಟ್ ಈ ತರ ಮೋಸ ಮಾಡಲ್ಲ. ಪಿಕೋ ಮಾಡಿದ ಮೇಲೆ ಜಿಗ್‌ಜ್ಯಾಗ್ ಸೊನ್ನೆಗೆ ತರದೆ ಅವಳಿ ಸೂಜಿ ಓಡಿಸಿದರೆ ಸೂಜಿ ಫುಟ್ಟಿಗೇ ಹೊಡೆದು ಮುರಿಯುತ್ತದೆ. ತಪ್ಪು ಆ ಕ್ಷಣವೇ ಗೊತ್ತಾಗುತ್ತದೆ. ಪೈಪಿಂಗ್ ಫುಟ್ಟಲ್ಲೂ ದಾರ ಜಾರಿದರೆ ಕಣ್ಣೆದುರೇ ಕಾಣುತ್ತದೆ. ರಫ್ಲರ್‌ನಿಂದ ಮಾತ್ರ ತಪ್ಪಾದ ಫ್ರಿಲ್ಲೂ ಅಷ್ಟೇ ಚೆಂದವಾಗಿ ಹೊರಗೆ ಬರುತ್ತದೆ. ಆವತ್ತು ಅದು ಬರುತ್ತಿದ್ದ ಅಂದ ನೋಡಿ ಖುಷಿಪಟ್ಟು ಪೆಡಲ್ ಒತ್ತುತ್ತಲೇ ಇದ್ದೆ. ಮಧ್ಯೆ ನಿಲ್ಲಿಸಿದ್ದು ಒಂದೇ ಸಲ, ಅದೂ ಸೂಜಿ ಸ್ಕ್ರೂ ಬಿಗಿ ಮಾಡಲು. ಫುಟ್ಟಿನ ಕವಲು ಆ ಸ್ಕ್ರೂ ಮೇಲೇ ಕೂತು ಕುಣಿಯುತ್ತಲ್ಲ, ಸಡಿಲ ಆಗುತ್ತದೆ. ಆಗ ಟೇಪ್ ಹಿಡಿದಿದ್ದರೆ ಬಿಚ್ಚುವುದು ಒಂದು ಮೊಳದಷ್ಟೇ ಇರುತ್ತಿತ್ತು.

ಬಿಚ್ಚಲೇಬೇಕಾಯಿತು. ಕೈಯಲ್ಲಿ ಸುರುಗು ಎಳೆದ ಫ್ರಿಲ್ಲಾದರೆ ದಾರ ಸಡಿಲಿಸಿ ಹರಡಬಹುದು. ಇದರಲ್ಲಿ ಪ್ರತಿ ಮಡಿಕೆಯೂ ಹೊಲಿದೇ ಹೋಗಿರುತ್ತದೆ. 64 ಇಂಚಲ್ಲಿ ಸುಮಾರು 800 ಹೊಲಿಗೆ. ಹಿಂಬದಿಯ ಬಾಬಿನ್ ದಾರವನ್ನು ನಾಲ್ಕು ಹೊಲಿಗೆಗೊಮ್ಮೆ ಕತ್ತರಿಸುತ್ತಾ ಹೋದೆ. ಮೇಲಿನ ದಾರವನ್ನು ಸಹಾಯದ ಹುಡುಗಿ ಮೆಲ್ಲಗೆ ಎಳೆಯುತ್ತಿದ್ದಳು. ಆರ್ಗೆನ್ಜಾ ಎಳೆ ಜರುಗಿದರೆ ಮುಗಿಯಿತು, ಮತ್ತೆ ಕೂರಲ್ಲ. ಎರಡು ಗಂಟೆ ಇಬ್ಬರೂ ಮಾತಾಡಲಿಲ್ಲ. ಬಿಚ್ಚಿದ ಮೇಲೆ ಪಟ್ಟಿಯ ಅಂಚಿನುದ್ದಕ್ಕೂ ಸೂಜಿ ತೂತುಗಳ ಸಾಲು. ಲೈಟಿಗೆ ಹಿಡಿದರೆ ಚುಕ್ಕಿ ಚುಕ್ಕಿ. 9ನೇ ನಂಬರ್ ಸೂಜಿ ಹಾಕಿದ್ದಕ್ಕೆ ಅಷ್ಟು ಸಣ್ಣಗಾದರೂ ಇದ್ದವು.

ಕಾಟನ್ ಬಟ್ಟೆ ಮೇಲೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ ಮಡಿಕೆ ಬಿಡಿಸಿದೆ. ಮಾಸ್ಟ್ರು ಹೊಸ ಗೆರೆಯನ್ನು ತೂತುಗಳಿಂದ ಅರ್ಧ ಇಂಚು ಕೆಳಗೆ ಹಾಕಿಕೊಟ್ಟರು. ತೂತುಗಳೆಲ್ಲ ಮಾರ್ಜಿನ್ ಒಳಗೆ ಹೋದವು. ಫ್ರಿಲ್ ಮಾತ್ರ ಅರ್ಧ ಇಂಚು ಗಿಡ್ಡವಾಯಿತು. ಡಯಲ್ ಮೂರಕ್ಕೆ ತಂದು, ಹತ್ತು ಹತ್ತು ಇಂಚಿಗೆ ನಿಲ್ಲಿಸಿ ಅಳೆಯುತ್ತಾ ಹೊಲಿದೆ. 80 ಬಂತು. ಮನೆಗೆ ಹೊರಟಾಗ ಹನ್ನೊಂದೂವರೆ.

ನಮ್ಮಲ್ಲಿ ಪೀಸ್ ಲೆಕ್ಕ. ಸ್ಯಾಂಪಲ್‌ಗೆ ಕೂತರೆ ಆ ಹೊತ್ತಿಗೆ ದುಡ್ಡಿಲ್ಲ. ಇಂಥ 32 ಬಗೆಯ ಫುಟ್‌ಗಳಿರುವ ಡಬ್ಬಿ ತರಿಸಿದ ಮೇಡಂ, ಅವನ್ನು ಕಲಿಯಲು ವಾರಕ್ಕೆ ಒಂದು ಗಂಟೆ ಕೊಟ್ಟಿಲ್ಲ. ಇದನ್ನು ಅವರ ಮುಂದೆಯೇ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಆದರೆ ಸ್ಯಾಂಪಲ್ ಮಾಡಿಯೂ ಸೆಟ್ಟಿಂಗ್ ಬದಲಿಸಿದ್ದು ನನ್ನ ಕೈ. ಈಗ ಪಟ್ಟಿ ಕತ್ತರಿಸುವ ಮೊದಲು ಅದೇ ಬಟ್ಟೆಯ ಚೂರಲ್ಲಿ 20 ಇಂಚು ಹೊಲಿದು, ಡಯಲ್ ನಂಬರ್, ಫುಟ್ ನಂಬರ್, ಬಂದ ಅಳತೆ ಮೂರನ್ನೂ ಪೆನ್ನಲ್ಲಿ ಬರೆದು ಮಷಿನ್ ಪಕ್ಕದ ಮೊಳೆಗೆ ಸಿಕ್ಕಿಸುತ್ತೇನೆ. ಆ ಚೂರು ಅಲ್ಲಿರುವವರೆಗೆ ಡಯಲ್ ಮುಟ್ಟುವಂತಿಲ್ಲ.

ಶನಿವಾರ ಬೆಳಿಗ್ಗೆ ಮೇಡಂ "ಏನೂ ಹೇಳಬೇಡ" ಅಂದಿದ್ದರು. ಆದರೆ ಮಗುವಿನ ಅಮ್ಮ ಬಂದು ಫ್ರಿಲ್ ಮೇಲೆ ಕೈಯಾಡಿಸಿದಾಗ ನನಗೆ ಸುಮ್ನೆ ಇರಲಾಗಲಿಲ್ಲ. "ಅಕ್ಕಾ, ಇದು ಹೇಳಿದ್ದಕ್ಕಿಂತ ಅರ್ಧ ಇಂಚು ಗಿಡ್ಡ ಇದೆ. ನನ್ನ ತಪ್ಪಿಂದ ಬಿಚ್ಚಬೇಕಾಯ್ತು" ಅಂದೆ. ಅವರು ಫ್ರಾಕನ್ನು ಒಳಮಗ್ಗುಲು ತಿರುಗಿಸಿ ಮಾರ್ಜಿನ್ ನೋಡಿದರು. ತೂತುಗಳ ಸಾಲಿನ ಮೇಲೆ ಉಗುರು ಓಡಿಸಿದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ಉಳಿದ ಚೂರುಗಳನ್ನ ಎಸೀಬೇಡಿ, ನಂಗೆ ಕೊಡಿ" ಅಂದರು. ಒಂದು ಎಳೆಯೂ ಬಿಡದೆ ಕವರಿಗೆ ಹಾಕಿ ಕೊಟ್ಟೆ.