ಪ್ಲೈವುಡ್ ಕಂಬಕ್ಕೆ ರಾನ್ಸ್ ಕೆಂಪು: ಸೆಟ್ ಕೆಲಸ ಎಲ್ಲಿಗೆ ಬಂತು

ನಮ್ಮ ಹವ್ಯಾಸಿ ತಂಡದ ಹೊಸ ನಾಟಕಕ್ಕೆ ಫ್ರೆಂಚ್ ಅರಮನೆಯ ಸೆಟ್ ಬೇಕು. ಗೋಡೆಗೆ ಅಂಟಿಕೊಂಡಂತೆ ಕಾಣುವ ನಾಲ್ಕು ಚಪ್ಪಟೆ ಕಂಬ, ಎಲ್ಲವೂ ಕೆಂಪು ಅಮೃತಶಿಲೆಯವು. ದುಡ್ಡು ಇರುವುದು ಪ್ಲೈವುಡ್ಡಿಗೆ ಮಾತ್ರ. ಕತ್ತರಿಸುವ ಕೆಲಸ ಆಗಲೇ ಮುಗಿದಿತ್ತು. ಈ ವಾರ ಮುಂದುಗಡೆ ಬಣ್ಣ ಬಿತ್ತು, ಹಿಂದುಗಡೆ ಸಪೋರ್ಟು ನಿಂತಿತು.

ಮಾದರಿ ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರ. 1678ರಲ್ಲಿ ಶುರುವಾಗಿ 1684ರಲ್ಲಿ ಮುಗಿದದ್ದು, 73 ಮೀಟರ್ ಉದ್ದ. ಎಲ್ಲರ ಕಣ್ಣು ಹೋಗುವುದು ಅಲ್ಲಿನ 357 ಕನ್ನಡಿಗಳ ಮೇಲೆ. ನನಗೆ ಬೇಕಾದದ್ದು ಪಕ್ಕದ ಚಪ್ಪಟೆ ಕಂಬಗಳು. ಮಂಕು ಕೆಂಪು, ಅದರೊಳಗೆ ಬಿಳಿ, ಬೂದು, ಅಲ್ಲಲ್ಲಿ ನೀಲಿ ಛಾಯೆ. ಕಲ್ಲು ಬಂದದ್ದು ದಕ್ಷಿಣ ಬೆಲ್ಜಿಯಂನ ರಾನ್ಸ್ ಎಂಬ ಹಳ್ಳಿಯಿಂದ. ಕಲ್ಲಿಗೂ ಅದೇ ಹೆಸರು.

ಆ ಹೆಸರನ್ನು ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿದರೆ ಇನ್ನೊಂದು ಅರ್ಥವೂ ಸಿಗುತ್ತದೆ. ಸ್ಕಾಟ್ಲೆಂಡಿನ ಮಾತಿನಲ್ಲಿ ಅದು ಆನಿಸಿ ನಿಲ್ಲಿಸುವ ಕಟ್ಟಿಗೆ. ಕುರ್ಚಿ ಕಾಲುಗಳ ನಡುವಿನ ಅಡ್ಡಪಟ್ಟಿಯೂ ಹೌದು. ಬಾಳೆಗೊನೆ ಬಾಗಿದಾಗ ಕವೆಗೋಲು ಕೊಡುತ್ತಾರಲ್ಲ, ಆ ಕೆಲಸಕ್ಕೆ ಕ್ರಿಯಾಪದವಾಗಿಯೂ ಬಳಸುತ್ತಾರೆ. ಫ್ರಾನ್ಸಿನ ಬ್ರಿಟನಿಯಲ್ಲಿ ಇದೇ ಹೆಸರಿನ ನದಿಯಿದೆ. ಅಲ್ಲಿ 1966ರಿಂದ ಸಮುದ್ರದ ಉಬ್ಬರವಿಳಿತದಿಂದ ಕರೆಂಟ್ ತೆಗೆಯುತ್ತಾರೆ. ನದಿ ನಮಗೆ ಬೇಡ. ಉಳಿದೆರಡೂ ನಮ್ಮ ಸೆಟ್ಟಿನಲ್ಲಿವೆ: ಪ್ರೇಕ್ಷಕರಿಗೆ ಕಾಣುವ ಮುಖ ಒಂದು ರಾನ್ಸ್, ಕಾಣದ ಬೆನ್ನು ಇನ್ನೊಂದು.

ಮೊದಲು ಮುಖದ ಕೆಲಸ. ತಳದ ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪುಡಿ, ಎಮಲ್ಷನ್‌ಗೆ ಕಲಸಿ, ಚೂರು ಕಪ್ಪು ಸೇರಿಸಿದೆ. ಹಳೇ ಮನೆಗಳ ಕೆಂಪು ನೆಲಕ್ಕೆ ಹಾಕುತ್ತಿದ್ದರಲ್ಲ, ಅದೇ. ಇದು ಸುಮ್ನೆ ಆರಿಸಿದ್ದಲ್ಲ. ರಾನ್ಸ್ ಕಲ್ಲಿನ ಕೆಂಪೂ ಕಬ್ಬಿಣದ ಆಕ್ಸೈಡೇ. 37 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ದಿಬ್ಬದಂತೆ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಆದ ಕಲ್ಲು ಇದು. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅಮೃತಶಿಲೆಯೇ ಅಲ್ಲ, ಸುಣ್ಣದಕಲ್ಲು. ಪಾಲಿಶ್ ಚೆನ್ನಾಗಿ ಹಿಡಿಯುತ್ತದೆ ಅಂತ ವ್ಯಾಪಾರಿಗಳು ಮಾರ್ಬಲ್ ಅಂದರು, ಅದೇ ಉಳಿಯಿತು.

ಇದು ಗೊತ್ತಿದ್ದರೆ ಕುಂಚ ಬೇರೆ ಥರ ಓಡುತ್ತದೆ. ಮಾರ್ಬಲ್ ಅಂದ ಕೂಡಲೇ ಕೈ ಉದ್ದುದ್ದ ಮಿಂಚಿನ ಗೆರೆ ಎಳೆಯಲು ಹೋಗುತ್ತದೆ. ರಾನ್ಸ್‌ನಲ್ಲಿ ಬಿಳಿ ಜಾಸ್ತಿ ಕಾಣುವುದು ತೇಪೆಗಳಾಗಿ. ಕೆಸರಿನ ಪೊಳ್ಳುಗಳಲ್ಲಿ ಆಮೇಲೆ ಕ್ಯಾಲ್ಸೈಟ್ ಎಂಬ ಸುಣ್ಣದ ಹರಳು ತುಂಬಿಕೊಂಡದ್ದು. ಜೊತೆಗೆ ಹವಳದ ಚೂರುಗಳು. ಹಾಗಾಗಿ ಒದ್ದೆ ಸ್ಪಂಜಿನಲ್ಲಿ ಇಟ್ಟಿಗೆ ಬಣ್ಣ ಒತ್ತಿ, ಅದು ಆರುವ ಮುಂಚೆಯೇ ಬೂದು ಬಿಳಿಯ ತೇಪೆ ಹಾಕಿ, ಅಂಚನ್ನು ಬಟ್ಟೆಯಿಂದ ಒರೆಸಿದೆ. ತೆಳು ಗೆರೆಗೆ ಕೋಳಿ ಗರಿ ಸಾಕು. ಕುಂಚದ ಗೆರೆ ಒಂದೇ ದಪ್ಪ ಬರುತ್ತದೆ, ಗರಿಯದ್ದು ನಡುವೆ ತುಂಡಾಗುತ್ತದೆ. ಕಲ್ಲಲ್ಲೂ ಹಾಗೇ ಅಲ್ವಾ? ವಾರ್ನಿಷ್ ಪೂರ್ತಿ ಹೊಳಪಿನದು ಬೇಡ, ಲೈಟ್ ಬಿದ್ದರೆ ಬಿಳಿ ಮಚ್ಚೆ ಹೊಡೆಯುತ್ತದೆ. ಅರೆಹೊಳಪಿನದು ತಂದಿದ್ದೇನೆ.

ಬೆನ್ನಿನ ಕೆಲಸ ಸರಳ. ರೀಪರ್ ಪಟ್ಟಿಯಿಂದ ತ್ರಿಕೋನದ ಸಪೋರ್ಟು, ಕಂಬಕ್ಕೆ ಕೀಲಿನಿಂದ ಜೋಡಣೆ, ಬುಡದ ಮೇಲೆ ಮರಳು ಮೂಟೆ. ವೇದಿಕೆಗೆ ಮೊಳೆ ಹೊಡೆಯುವಂತಿಲ್ಲ, ಹಾಗಾಗಿ ಭಾರವೇ ಗತಿ. ಕೀಲು ಇರುವುದರಿಂದ ಮಡಚಿ ಟೆಂಪೋದಲ್ಲಿ ಮಲಗಿಸಬಹುದು.

ಪ್ಲೈವುಡ್ ಬಳಿದು ಮಾರ್ಬಲ್ ಅನ್ನುವುದು ಮೋಸ ಅಂತ ತಂಡದಲ್ಲೊಬ್ಬರ ತಕರಾರು. ವರ್ಸೇಲ್ಸ್‌ನ ಆ ಚಪ್ಪಟೆ ಕಂಬಗಳೂ ಅಲಂಕಾರವೇ, ಭಾರ ಹೊರುವುದು ಗೋಡೆ ಅಂದೆ. ನಮ್ಮ ಕಂಪನಿ ನಾಟಕಗಳ ದರ್ಬಾರ್ ಪರದೆಯಲ್ಲಿ ಕಂಬಗಳಿಗೆ ದಪ್ಪವೇ ಇರಲಿಲ್ಲ, ಆದರೂ ರಾಜರು ಗತ್ತಿನಿಂದಲೇ ನಡೆದರು.

ಕಂಬದ ತಲೆಭಾಗ ಬಾಕಿ. ಮೂಲದಲ್ಲಿ ಚಿತ್ರಕಾರ ಲ ಬ್ರನ್ ವಿನ್ಯಾಸ ಮಾಡಿದ್ದು: ಲಿಲ್ಲಿ ಹೂ, ಅದರ ಮೇಲೆ ಸೂರ್ಯ, ಎರಡು ಕಡೆ ಹುಂಜ, ಎಲ್ಲಕ್ಕೂ ಚಿನ್ನದ ಲೇಪ. ದೂರದಿಂದ ಎಲೆ ಥರ ಕಂಡರೆ ಸಾಕು ಅನ್ನುತ್ತಾರೆ ನಿರ್ದೇಶಕರು. ನನಗೆ ಹುಂಜ ಬೇಕೇ ಬೇಕು. ಥರ್ಮೋಕೋಲ್ ತಂದಾಗಿದೆ, ಮೊದಲು ಒಂದನ್ನು ಕೆತ್ತಿ ಹಿಂದಿನ ಸಾಲಿನಿಂದ ಹೇಗೆ ಕಾಣುತ್ತದೆ ಅಂತ ಅವರಿಗೇ ತೋರಿಸುತ್ತೇನೆ.