ಬುಲೆಟ್ ನಟ್ಟಿಗೆ ಸ್ಪ್ಯಾನರ್ ಹುಡುಕಿ ಕುಂಬಳೆಗೆ

ನನ್ನ ಹತ್ತಿರ 1978ರ ಬುಲೆಟ್ ಬೈಕ್ ಇದೆ. ಅದರ ಎಷ್ಟೋ ನಟ್ಟುಗಳು ಹಳೇ ಬ್ರಿಟಿಷ್ ಅಳತೆಯವು. 13 ಮಿಮೀ ಸ್ಪ್ಯಾನರ್ ಕೂರುವುದೇ ಇಲ್ಲ, 14 ಹಾಕಿದರೆ ಜಾರಿ ಜಾರಿ ನಟ್ಟಿನ ಮೂಲೆ ಸವೆಯುತ್ತದೆ. ಕಾಸರಗೋಡಿನ ಗೆಳೆಯನಿಗೆ ಫೋನ್ ಮಾಡಿ, ನಟ್ಟು ಅಳೆದರೆ ಹೆಚ್ಚುಕಮ್ಮಿ ಅರ್ಧ ಇಂಚು ಬರುತ್ತದೆ, ಗುಜರಿಯಲ್ಲಿ ಇಂಗ್ಲೆಂಡಿನ ಅರ್ಧ ಇಂಚಿನ ಸ್ಪ್ಯಾನರ್ ಕಂಡರೆ ತೆಗೆದಿಡು ಮಾರಾಯ ಅಂದೆ. ಅವನು ತೆಗೆದಿಟ್ಟದ್ದು ಲಾರಿಗೆ ಆಗುವಂಥದ್ದು!

ತಪ್ಪು ನನ್ನದೇ. ಆ ಹಳೇ ಬ್ರಿಟಿಷ್ ಅಳತೆಯ ಹೆಸರು ವಿಟ್‌ವರ್ತ್, ಗುರುತು ಡಬ್ಲ್ಯು. ವಿಟ್‌ವರ್ತ್ ಸ್ಪ್ಯಾನರಿನ ಮೇಲಿನ ನಂಬ್ರ ಬಾಯಿಯ ಅಗಲ ಅಲ್ಲ, ಬೋಲ್ಟಿನ ದಪ್ಪ. 1/2 ಡಬ್ಲ್ಯು ಅಂದರೆ ಬಾಯಿ 23.4 ಮಿಮೀ. ನನಗೆ ಬೇಕಿದ್ದದ್ದು 1/4 ಡಬ್ಲ್ಯು, ಅಂದರೆ 13.3 ಮಿಮೀ. ಅದೇ ಬಾಯಿಯ ಪಕ್ಕ 5/16 ಬಿಎಸ್ ಅಂತಲೂ ಕೆತ್ತಿದ್ದರೆ ಗಾಬರಿಯಾಗಬೇಡಿ, ಅದು ಇನ್ನೊಂದು ಬ್ರಿಟಿಷ್ ಪದ್ಧತಿಯ ನಂಬ್ರ, ಬಾಯಿಯ ಅಗಲ ಎರಡಕ್ಕೂ ಒಂದೇ. ಇನ್ನು 3/8 ಡಬ್ಲ್ಯು ಹುಡುಕಿ ಅಲೆಯಬೇಡಿ, ಅದು ಹೆಚ್ಚುಕಮ್ಮಿ 18 ಮಿಮೀ, ಮನೆಯ ಮೆಟ್ರಿಕ್ ಸ್ಪ್ಯಾನರೇ ಸಾಕು.

ಹಾಗಾಗಿ ಡಿಸೆಂಬರಿನಲ್ಲಿ, ಮಿಮೀಯ ಭಾಗವನ್ನೂ ಅಳೆಯುವ ವರ್ನಿಯರ್ ಹಿಡಿದು ಕಾಸರಗೋಡಿನ ಕಡೆಗೆ ನಾನೇ ಹೊರಟೆ. ಮಂಗಳೂರು ಸೆಂಟ್ರಲ್‌ನಿಂದ ಪ್ಯಾಸೆಂಜರ್ ರೈಲು ಹಿಡಿಯಿರಿ, ಮಂಜೇಶ್ವರ, ಉಪ್ಪಳ, ಕುಂಬಳೆ ಎಲ್ಲ ಕಡೆ ನಿಲ್ಲುತ್ತದೆ. ಹೆದ್ದಾರಿ ಅಗಲ ಮಾಡುವಾಗ ರಸ್ತೆ ಬದಿಯ ಎಷ್ಟೋ ಅಂಗಡಿಗಳು ಎದ್ದು ಹೋಗಿವೆ, ಹಳೇ ವಿಳಾಸ ನಂಬಿಕೊಂಡು ಹೋಗಬೇಡಿ, ಅಲ್ಲಿನ ಗ್ಯಾರೇಜಿನವರನ್ನೇ ಕೇಳಿ. ಮಳೆಗಾಲ ಬೇಡವೇ ಬೇಡ, ಗುಜರಿ ಅಂಗಳವೆಲ್ಲ ಕೆಸರು. ಶುಕ್ರವಾರವೂ ಬೇಡ, ಮಧ್ಯಾಹ್ನದ ನಮಾಜಿಗೆ ಸುಮಾರು ಅಂಗಡಿ ಮುಚ್ಚಿರುತ್ತವೆ. ಭಾಷೆಯ ಚಿಂತೆ ಇಲ್ಲ, ಕನ್ನಡ ನಡೆಯುತ್ತದೆ, ತುಳು ಬಂದರೆ ರೇಟು ಸ್ವಲ್ಪ ಇಳಿಯುತ್ತದೆ ಅಂತ ನನ್ನ ಅನುಮಾನ.

ಉಪ್ಪಳದಲ್ಲಿ ಏನೂ ಸಿಗಲಿಲ್ಲ. ಕುಂಬಳೆಯ ಹತ್ತಿರದ ಒಂದು ಗುಜರಿಯಲ್ಲಿ ತಗಡಿನ ಡಬ್ಬಿ ತುಂಬ ಸ್ಪ್ಯಾನರ್ ಇತ್ತು. ಇಲ್ಲಿ ಅವಸರ ಮಾಡಬಾರದು. ತುಕ್ಕು ನೋಡಿ ಬದಿಗೆ ಎಸೆಯಬೇಡಿ, ಕಡಲ ಗಾಳಿಗೆ ಒಳ್ಳೆಯ ಉಕ್ಕೂ ಕೆಂಪಾಗುತ್ತದೆ. ಬಟ್ಟೆಗೆ ಸೀಮೆಎಣ್ಣೆ ಹಾಕಿ ಹಿಡಿಯ ಮಧ್ಯೆ ಉಜ್ಜಿ, ಅಕ್ಷರ ಏಳುತ್ತದೆ. ಕಿಂಗ್ ಡಿಕ್ ಅಂತ ಇದ್ದರೆ ಬರ್ಮಿಂಗ್‌ಹ್ಯಾಮಿನ ಮಾಲು, ಬುಲ್‌ಡಾಗ್ ಅವರ ಗುರುತು. ಬಾಣದ ತುದಿಯಂಥ ಗುರುತು ಬ್ರಿಟಿಷ್ ಸೈನ್ಯದ್ದು. ವೆಸ್ಟ್ ಜರ್ಮನಿ ಅಂತ ಇದ್ದರೆ 1949ರಿಂದ 1990ರ ಒಳಗಿನದು. ಗೆಡೋರ್ ಅನ್ನುವ ಜರ್ಮನ್ ಹೆಸರು ಕಂಡ ಕೂಡಲೇ ಕುಣಿಯಬೇಡಿ, ಅದು ಇಂಡಿಯಾದಲ್ಲೂ ತಯಾರಾಗಿದೆ, ತಿರುಗಿಸಿ ನೋಡಿ. ಗಲ್ಫ್‌ನಿಂದ ವಾಪಸಾದ ಮೆಕ್ಯಾನಿಕ್‌ಗಳ ಪೆಟ್ಟಿಗೆಯಿಂದ ಬಂದ ಜಪಾನಿನ ಕೆಟಿಸಿ ಕಂಪನಿಯ ಸ್ಪ್ಯಾನರ್ ಕೂಡ ಒಂದೆರಡು ಇದ್ದವು. ಚೆನ್ನಾಗಿದ್ದವು, ಆದರೆ ಎಲ್ಲ ಮಿಮೀ ಅಳತೆ, ಬಿಟ್ಟೆ.

ಬಾಯಿ ಅಗಲಿಸಿದೆಯಾ ಅಂತ ವರ್ನಿಯರಿನಲ್ಲಿ ತುದಿಯಲ್ಲೂ ಬುಡದಲ್ಲೂ ಅಳೆಯಿರಿ. ಗ್ರೈಂಡರ್ ಹಿಡಿದು ತೆಳ್ಳಗೆ ಮಾಡಿದ್ದು, ಪೈಪ್ ಬೆಸೆದದ್ದು ನನಗೆ ಬೇಡ. ಅಂಗಡಿಯವರು ಮೊದಲು ಕೆಜಿ ಲೆಕ್ಕ ಹೇಳಿದರು, ನಾನು ಆರಿಸಲು ಶುರು ಮಾಡಿದ್ದೇ ಒಂದೊಂದಕ್ಕೆ ರೇಟು ಆಯಿತು! ನನ್ನಂತೆ ಭೂತಗನ್ನಡಿ ಹೊರಗೆ ತೆಗೆಯಬೇಡಿ. ಕೊನೆಗೆ 1/4 ಡಬ್ಲ್ಯು ಇದ್ದ ಕಿಂಗ್ ಡಿಕ್ ಸೇರಿ 4 ಸ್ಪ್ಯಾನರಿಗೆ 600 ರೂಪಾಯಿ ಕೊಟ್ಟೆ.

ಗುಜರಿಗಿಂತ ಒಳ್ಳೆಯ ಜಾಗ ಬದಿಯಡ್ಕ ಕಡೆಯ ಅಡಿಕೆ ತೋಟಗಳ ಪಂಪ್ ಶೆಡ್. ಹಳೇ ಡೀಸೆಲ್ ಇಂಜಿನ್ ಹೋದರೂ ಅದರ ಸ್ಪ್ಯಾನರ್ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಆದರೆ ಪರಿಚಯದವರ ಜೊತೆಯಲ್ಲಿ ಹೋಗಿ. ಗೆಳೆಯನ ಮಾವನ ಮನೆಯಲ್ಲಿ ನನಗೆ ಹಾಗೇ ಒಂದು ಸಿಕ್ಕಿತು. ದುಡ್ಡು ಬೇಡ ಅಂದರು. ತುಕ್ಕಿಗೆ ಬಿಂಬುಳಿಯ ಹುಳಿ ಕಾಯಿ ಜಜ್ಜಿ ರಾತ್ರಿಯಿಡೀ ಹಾಕಿಡು ಅಂತ ಆ ಮನೆಯ ಅಜ್ಜಿ ಹೇಳಿದ್ದು, ಮಾಡಿ ನೋಡಿದೆ, ವಿನೆಗರಿನಷ್ಟೇ ಕೆಲಸ ಮಾಡುತ್ತದೆ. ಬೆಳಿಗ್ಗೆ ಚೆನ್ನಾಗಿ ತೊಳೆದು ಒಣಗಿಸಿ ಆಯಿಲ್ ಹಚ್ಚದಿದ್ದರೆ ಸಂಜೆಗೆ ಮತ್ತೆ ಕೆಂಪು.

ಅದೇ ಶೆಡ್ಡಿನಲ್ಲಿ ಶೆಫೀಲ್ಡಿನ ರೆಕಾರ್ಡ್ ಕಂಪನಿಯ ಬೆಂಚ್ ವೈಸ್ (ಮೇಜಿಗೆ ಕೂರಿಸಿ ವಸ್ತುವನ್ನು ಬಿಗಿಹಿಡಿಯುವ ಸಾಧನ) ಒಂದಿದೆ. ಎತ್ತಿ ನೋಡಿದೆ, ರೈಲಿನಲ್ಲಿ ತರುವ ವಸ್ತು ಅಲ್ಲ. ಜನವರಿಯಲ್ಲಿ ಜೀಪು ಸಿಕ್ಕರೆ ಮತ್ತೆ ಹೋಗುತ್ತೇನೆ, ಅಲ್ಲಿಯವರೆಗೆ ಅದು ಯಾವ ತೋಟ ಅಂತ ಕೇಳಬೇಡಿ.