ಎರಡನೇ ಸಿಲಿಂಡರಿನ ಪ್ಲಗ್

ಟರ್ಬೋ ಗಾಡಿಯ ಸ್ಪಾರ್ಕ್ ಪ್ಲಗ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲಿಗೆ ಕಿಡಿ ಹಚ್ಚುವ ಭಾಗ, ಕೈಕೊಟ್ಟರೆ ಅದು ಮನೆ ಮುಂದೆ ನಿಂತಾಗ ಗೊತ್ತಾಗುವುದಿಲ್ಲ. ಮೈಸೂರಿನ ಅಗ್ರಹಾರದ ಟ್ರಾಫಿಕ್ಕಿನಲ್ಲಿ ಎರಡನೇ ಗೇರಲ್ಲಿ ತೆವಳುವಾಗಲೂ ಗೊತ್ತಾಗುವುದಿಲ್ಲ. ರಿಂಗ್ ರೋಡಿಗೆ ಬಂದು, ನಾಲ್ಕನೇ ಗೇರಲ್ಲಿ ಎರಡು ಸಾವಿರ ಆರ್‌ಪಿಎಂ ಇರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಗಾಡಿ ಎಳೆಯಲು ಶುರು ಮಾಡುತ್ತದೆ, ಅಷ್ಟರಲ್ಲೇ ಮುಗ್ಗರಿಸುತ್ತದೆ. ಕಾಲು ಸ್ವಲ್ಪ ಸಡಿಲ ಬಿಟ್ಟರೆ ಏನೂ ಆಗದ ಹಾಗೆ ಓಡುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ.

ನನ್ನದು ಹಳೆಯ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. ಮೊದಲ ತಲೆಮಾರಿನದು. 1781 ಸಿಸಿ, ಸಿಲಿಂಡರಿಗೆ ಐದು ವಾಲ್ವ್, ಮೇಲೆ ಟರ್ಬೋ, 150 ಹಾರ್ಸ್‌ಪವರ್. 1750 ಆರ್‌ಪಿಎಂಗೇ 210 ನ್ಯೂಟನ್ ಮೀಟರ್ ಟಾರ್ಕ್ ಬರುತ್ತದೆ. ಇವತ್ತಿನ ಲೆಕ್ಕದಲ್ಲಿ ಇದು ಜಾಸ್ತಿ ಅನ್ನಿಸದೆ ಇರಬಹುದು. ಆದರೆ ಮೂರನೇ ಗೇರಲ್ಲಿ ಚಾಮುಂಡಿ ಬೆಟ್ಟ ಹತ್ತುವಾಗ ಈ ಎಂಜಿನ್ ಎಳೆಯುವ ರೀತಿ ಇದೆಯಲ್ಲ, ಅದಕ್ಕೆ ನಾನು ಸೋತಿದ್ದೇನೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೊದಲಿನ ಮಾಲೀಕರು ಎಲ್ಲೆಲ್ಲಿ ಏನೇನು ಮಾಡಿಸಿದ್ದರು ಅನ್ನುವುದಕ್ಕೆ ಸರಿಯಾದ ಬಿಲ್ಲುಗಳಿಲ್ಲ.

ಬೂಸ್ಟ್ ಬಂದಾಗ, ಅಂದರೆ ಟರ್ಬೋ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವಾಗ, ಮಾತ್ರ ಯಾಕೆ ಮುಗ್ಗರಿಸುತ್ತದೆ ಅನ್ನುವುದು ಮೊದಲು ಅರ್ಥವಾಗಬೇಕು. ಪ್ಲಗ್‌ನ ಎರಡು ತುದಿಗಳ ನಡುವೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಜಾಗ ಇರುತ್ತದೆ. ಕಿಡಿ ಹಾರಬೇಕಾಗಿರುವುದು ಅಲ್ಲೇ. ಟರ್ಬೋ ಗಾಳಿಯನ್ನು ಒತ್ತಿ ತುಂಬಿದಾಗ ಆ ಜಾಗದಲ್ಲೂ ಗಾಳಿ ಒತ್ತೊತ್ತಾಗಿ ಕೂರುತ್ತದೆ. ಗಾಳಿ ಒತ್ತಾದಷ್ಟೂ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಗ್ಯಾಪ್ ಅಗಲವಾದಷ್ಟೂ ಇನ್ನೂ ಜಾಸ್ತಿ ಬೇಕು. ಎರಡೂ ಸೇರಿದಾಗ ಆ ವೋಲ್ಟೇಜ್ ಕೊಡುವ ಕಾಯಿಲ್ ಕೈಲಿ ಆಗುವುದಿಲ್ಲ. ಕಿಡಿ ಹಾರುವುದೇ ಇಲ್ಲ, ಇಲ್ಲವಾದರೆ ಪಿಂಗಾಣಿಯ ಹೊರಗಡೆಯಿಂದ ದಾರಿ ಹುಡುಕಿಕೊಂಡು ಲೋಹಕ್ಕೆ ಹಾರುತ್ತದೆ. ಆ ಸಲದ ಪೆಟ್ರೋಲ್ ಸುಡದೆ ಹಾಗೇ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಅದಕ್ಕೇ ಚೆಕ್ ಎಂಜಿನ್ ಲೈಟ್ ಸುಮ್ನೆ ಉರಿಯುವ ಬದಲು ಮಿನುಗುತ್ತಿದ್ದರೆ ಗಾಡಿಯನ್ನು ಜೋರಾಗಿ ಓಡಿಸಲೇಬಾರದು. ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿದರೆ ಒಳಗಿನ ಜಾಲರಿ ಕರಗಿ ಕಟ್ಟಿಕೊಳ್ಳುತ್ತದೆ. ನಾಲ್ಕು ಪ್ಲಗ್ ಖರ್ಚು ಎಲ್ಲಿ, ಕನ್ವರ್ಟರ್ ಖರ್ಚು ಎಲ್ಲಿ!

ಗಾಡಿಯ ಕಂಪ್ಯೂಟರಿನ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ0302 ಬಂತು. ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ ಅಂತ ಅರ್ಥ. ಟೈಮಿಂಗ್ ಬೆಲ್ಟ್ ಇರುವ ಕಡೆಯಿಂದ ಎಣಿಸಿದರೆ ಎರಡನೆಯದು. ಬಹಳ ಜನ ಇಲ್ಲಿಗೆ ಕಾಯಿಲ್ ಹೋಗಿದೆ ಅಂತ ತೀರ್ಮಾನ ಮಾಡಿ ಹೊಸ ಕಾಯಿಲ್ ತರಿಸಿಬಿಡುತ್ತಾರೆ. ಅದಕ್ಕೂ ಮುಂಚೆ ಪುಕ್ಕಟೆ ಪರೀಕ್ಷೆ ಒಂದಿದೆ. ಪ್ರತಿ ಪ್ಲಗ್‌ಗೂ ಒಂದೊಂದು ಕಾಯಿಲ್ ಇರುವ ಎಂಜಿನ್‌ಗಳಲ್ಲಿ ಎರಡನೆಯದರ ಕಾಯಿಲ್ ತೆಗೆದು ಮೂರಕ್ಕೆ ಹಾಕಿ, ಮೂರರದ್ದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಒಂದು ಸುತ್ತು ಹೋಗಿ ಬನ್ನಿ. ತೊಂದರೆ ಕಾಯಿಲ್ ಜೊತೆ ಮೂರಕ್ಕೆ ಹೋಗಿ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಎರಡರಲ್ಲೇ ಉಳಿದರೆ ಕಾಯಿಲ್ ಚೆನ್ನಾಗಿದೆ, ಬೇರೆ ಕಡೆ ಹುಡುಕಬೇಕು. ನನ್ನ ಗಾಡಿಯಲ್ಲಿ ಎರಡರಲ್ಲೇ ಉಳಿಯಿತು. ಇನ್ನು ಮೊದಲು ನೋಡಬೇಕಾದದ್ದು ಪ್ಲಗ್.

ಇಲ್ಲಿ ನಮ್ಮಪ್ಪನ ವಿಷಯ ಹೇಳಲೇಬೇಕು. ಅವರು ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ. ಮೈಸೂರಲ್ಲಿ ಒಂದು ವಯಸ್ಸಿನವರಿಗೆಲ್ಲ ಎಂಜಿನ್ ಅಂದರೆ ಏನು ಅಂತ ಗೊತ್ತಾಗಿದ್ದೇ ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನಿಂದ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲ್ ಜೊತೆಗೇ ಆಯಿಲ್ ಸುಡುತ್ತದೆ, ಪ್ಲಗ್‌ಗೆ ಕಾರ್ಬನ್ ಕಟ್ಟುತ್ತದೆ. ಟೂಲ್ ಬಾಕ್ಸಿನಲ್ಲಿ ಒಂದು ಮೈಕೋ ಪ್ಲಗ್ ಇಲ್ಲದೆ ಯಾರೂ ಊರು ದಾಟುತ್ತಿರಲಿಲ್ಲ. ದಾರಿಯಲ್ಲಿ ನಿಂತರೆ ಪ್ಲಗ್ ಬಿಚ್ಚಿ, ಉಪ್ಪು ಕಾಗದದಲ್ಲಿ ಉಜ್ಜಿ, ಆಕ್ಸೋ ಬ್ಲೇಡ್ ತೂರಿಸಿ ಗ್ಯಾಪ್ ನೋಡಿ, ಮತ್ತೆ ಹಾಕಿ ಹೊರಡುವುದು.

ನಾನು ಬಾನೆಟ್ ಎತ್ತಿದ ಸಂಜೆ ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತರು.

"ಈಗ್ಲೇ ಬಿಚ್ಚಲ್ವೇನೋ?"

"ಬಿಸಿ ಇದೆ ಅಪ್ಪ. ಬೆಳಗ್ಗೆವರೆಗೆ ಆರ್ಲಿ."

"ನಾವು ರೋಡಲ್ಲೇ ಬಟ್ಟೆ ಸುತ್ಕೊಂಡು ಬಿಚ್ತಿದ್ವಿ ಕಣೋ."

ಅದೂ ನಿಜವೇ. ದಾರಿಯಲ್ಲಿ ನಿಂತವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ಮನೆಯಲ್ಲಿ ಮಾಡುವಾಗ ಕಾಯುವುದೇ ಸರಿ. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಪ್ಲಗ್‌ನ ಮೈ ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬಿಸಿಯಿದ್ದಾಗ ಬಲ ಹಾಕಿ ತಿರುಗಿಸಿದರೆ ಮೆತ್ತನೆಯ ಥ್ರೆಡ್ ಪ್ಲಗ್ ಜೊತೆಗೇ ಕಿತ್ತು ಬರಬಹುದು. ಹೆಡ್ ಥ್ರೆಡ್ ಹೋಯಿತು ಅಂದರೆ ಕೆಲಸ ಮನೆ ಅಂಗಳ ದಾಟಿ ಲೇತ್ ಅಂಗಡಿವರೆಗೆ ಹೋಗುತ್ತದೆ. ಈ ಕೆಲಸವನ್ನು ಮನೆಯಲ್ಲೇ ಮಾಡಬೇಕು ಅಂತ ನಾನು ಹೇಳುವುದಕ್ಕೆ ದೊಡ್ಡ ಕಾರಣವೇ ಇದು. ಸಾಲಾಗಿ ಗಾಡಿ ನಿಂತಿರುವ ಗ್ಯಾರೇಜಿನವರಿಗೆ ನಿಮ್ಮ ಎಂಜಿನ್ ಆರುವವರೆಗೆ ಕಾಯುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ನಿಮಗೆ ಇದೆ.

ಬೆಳಗ್ಗೆ ಕಾಫಿ ಕುಡಿದು ಶುರು ಮಾಡಿದೆ. ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದರೆ ನಾಲ್ಕು ಕಾಯಿಲ್ ಸಾಲಾಗಿ ಕಾಣುತ್ತವೆ. ಇಷ್ಟು ವರ್ಷದ ಬಿಸಿಗೆ ವೈರಿನ ಕನೆಕ್ಟರುಗಳು ಹಪ್ಪಳದ ಹಾಗೆ ಆಗಿರುತ್ತವೆ. ಅವುಗಳ ಲಾಕನ್ನು ಉಗುರಲ್ಲಿ ಮೆಲ್ಲಗೆ ಎತ್ತಬೇಕು, ಎಳೆದಾಡಬಾರದು. ಕಾಯಿಲ್ ನೇರ ಮೇಲಕ್ಕೆ ಎತ್ತಿ. ತೆಗೆದದ್ದನ್ನು ತೆಗೆದ ಕ್ರಮದಲ್ಲೇ ಹಳೇ ಪೇಪರ್ ಮೇಲೆ ಇಡಿ.

ಕಾಯಿಲ್ ಬಂದ ತಕ್ಷಣ ಪ್ಲಗ್ ಸಡಿಲಿಸಬೇಡಿ. ಪ್ಲಗ್ ಕೂತಿರುವ ಆಳದ ಗುಂಡಿಯೊಳಗೆ, ಆ ಬಾವಿಯೊಳಗೆ, ಮರಳು, ಧೂಳು, ಒಣಗಿದ ಎಲೆಯ ಚೂರು ಏನು ಬೇಕಾದರೂ ಇರಬಹುದು. ಪ್ಲಗ್ ಹೊರಗೆ ಬಂದ ಗಳಿಗೆ ಅದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ನಾನು ಪಂಕ್ಚರ್ ಅಂಗಡಿಯವರ ಚಿಕ್ಕ ಕಂಪ್ರೆಸರ್ ಎರವಲು ತಂದು ನಾಲ್ಕೂ ಬಾವಿಗೆ ಗಾಳಿ ಹೊಡೆದೆ. ಆಮೇಲೆ 16 ಎಂಎಂ ಪ್ಲಗ್ ಸಾಕೆಟ್, ಉದ್ದ ಎಕ್ಸ್‌ಟೆನ್ಶನ್, ರಾಚೆಟ್. ಸಾಕೆಟ್ ಒಳಗೆ ರಬ್ಬರ್ ಇಲ್ಲವೇ ಮ್ಯಾಗ್ನೆಟ್ ಇರುವಂಥದ್ದೇ ಬೇಕು. ಇಲ್ಲದಿದ್ದರೆ ಪ್ಲಗ್ ಅರ್ಧ ದಾರಿಯಲ್ಲಿ ಜಾರಿ ಬಿದ್ದು ಪಿಂಗಾಣಿ ಸೀಳುತ್ತದೆ.

ಒಂದು, ಮೂರು, ನಾಲ್ಕು ಸುಲಭವಾಗಿ ಬಂದವು. ಎರಡನೆಯದು ಕಿರ್ ಅಂತ ಸದ್ದು ಮಾಡಿತು. ಕಾಲು ಸುತ್ತು ಸಡಿಲಿಸಿ, ಸ್ವಲ್ಪ ವಾಪಸ್ ಬಿಗಿ ಮಾಡಿ, ಮತ್ತೆ ಸಡಿಲಿಸಿ, ಹೀಗೆ ಆಡಿಸುತ್ತಾ ಹೊರಗೆ ತಂದೆ. ಯಾರೋ ಹಿಂದೆ ಅದನ್ನು ಮೈಮೇಲೆ ದೇವರು ಬಂದವರ ಥರ ಬಿಗಿದಿದ್ದರು. ವಾಷರ್ ಪೂರ್ತಿ ಚಪ್ಪಟೆಯಾಗಿತ್ತು.

ಪ್ಲಗ್ಗುಗಳನ್ನು ಬೆಳಕಿಗೆ ಹಿಡಿದು ನೋಡುವುದು ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ. ಸಿಲಿಂಡರ್ ಒಳಗೆ ಏನು ನಡೆದಿದೆ ಅಂತ ಹೆಡ್ ಬಿಚ್ಚದೆ ಹೇಳುವ ವಸ್ತು ಅದು. ತುದಿಯ ಪಿಂಗಾಣಿ ತಿಳಿ ಕಂದು ಅಥವಾ ಬೂದಿ ಬಣ್ಣ ಇದ್ದರೆ ಎಲ್ಲ ಸರಿ ಇದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಇಳಿಯುತ್ತಿದೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಅತಿಯಾಗಿ ಕಾಯುತ್ತಿದೆ, ಟರ್ಬೋ ಎಂಜಿನ್ನಿಗೆ ಇದು ಎಲ್ಲಕ್ಕಿಂತ ಅಪಾಯ. ಲೋಹದ ಅಂಚಿಗೆ ಸರಿಯಾಗಿ ಹೊರಗಿನ ಪಿಂಗಾಣಿ ಮೇಲೆ ಕಂದು ಬಣ್ಣದ ಉಂಗುರ ಕಾಣಿಸಿದರೆ ಗಾಬರಿ ಬೇಡ. ಅದು ಗ್ಯಾಸ್ ಸೋರಿದ ಗುರುತಲ್ಲ, ಹೈ ವೋಲ್ಟೇಜ್ ಸುತ್ತ ಆಯಿಲ್ ಕಣಗಳು ಅಂಟಿದ ಕಲೆ.

ನನ್ನ ನಾಲ್ಕೂ ಪ್ಲಗ್‌ನ ಬಣ್ಣ ಚೆನ್ನಾಗಿಯೇ ಇತ್ತು. ಎರಡನೆಯದು ಕೂಡ. ಆಗ ಅಪ್ಪ ಕನ್ನಡಕ ಏರಿಸಿಕೊಂಡು, "ನಂಬರ್ ಓದು" ಅಂದರು.

ಮೂರು ಪ್ಲಗ್‌ಗಳ ಮೇಲೆ ಬಿಕೆಆರ್6ಇ ಅಂತ ಇತ್ತು. ಎರಡನೆಯದರ ಮೇಲೆ ಬಿಕೆಆರ್6ಇ-11.

ಇದು ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯವರ ನಂಬರ್. ಬಿ ಅಂದರೆ 14 ಎಂಎಂ ಥ್ರೆಡ್. ಕೆ ಅಂದರೆ 16 ಎಂಎಂ ಸಾಕೆಟ್. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ. 6 ಅಂದರೆ ಹೀಟ್ ರೇಂಜ್, ಪ್ಲಗ್ ಬಿಸಿಯನ್ನು ಎಷ್ಟು ಬೇಗ ದಾಟಿಸುತ್ತದೆ ಅನ್ನುವ ಅಂಕಿ. ಇ ಅಂದರೆ 19 ಎಂಎಂ ಉದ್ದದ ಥ್ರೆಡ್. ಕೊನೆಯ 11 ಅಂದರೆ 1.1 ಎಂಎಂ ಗ್ಯಾಪ್. ನನ್ನ ಎಂಜಿನ್ನಿಗೆ ಬೇಕಾದದ್ದು 0.8. ಎರಡೂ ಪ್ಲಗ್ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಒಂದೇ. ಥ್ರೆಡ್ ಕೂರುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ, ಐಡಲ್ ನುಣ್ಣಗಿರುತ್ತದೆ. ಟರ್ಬೋ ಇಲ್ಲದ ಎಷ್ಟೋ ಎಂಜಿನ್ನುಗಳಿಗೆ ಅದು ಸರಿಯಾದ ಪ್ಲಗ್ಗೇ. ಬೂಸ್ಟ್ ಬಂದಾಗ ಮಾತ್ರ ನಿಜ ಹೊರಗೆ ಬರುತ್ತದೆ. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಒಂದೇ ಒಂದು ಪ್ಲಗ್ ಬದಲಾಯಿಸಿ, ಕೈಗೆ ಸಿಕ್ಕಿದ್ದು ಹಾಕಿ ಕಳಿಸಿದ್ದಾರೆ. ಅದೂ ಸವೆದಿತ್ತು. ಗ್ಯಾಪ್ ಅಳೆಯುವ ಫೀಲರ್ ಗೇಜಿನ 1.1 ಎಲೆ ಸಡಿಲವಾಗಿ ಓಡಾಡಿತು. ಉಳಿದ ಮೂರರಲ್ಲಿ 0.9 ಸ್ವಲ್ಪ ಹಿಡಿದುಕೊಂಡು ಹೋಯಿತು. ನನಗೆ ಸಿಟ್ಟು ಬಂತು, ಇವತ್ತಿಗೂ ಹೋಗಿಲ್ಲ. ಪ್ಲಗ್ ಮೇಲೆ ಬರೆದದ್ದನ್ನು ಓದಲು ಎಷ್ಟು ಹೊತ್ತು ಬೇಕು?

ಹಾಗಾಗಿ ಅಂಗಡಿಯಲ್ಲಿ ಪ್ಲಗ್ ಕೇಳುವಾಗ ಗಾಡಿ ಹೆಸರು ಹೇಳಿ ಸುಮ್ಮನಾಗಬೇಡಿ. ಕೊನೆಯ ಅಂಕಿವರೆಗೆ ನಂಬರ್ ಹೇಳಿ, ಡಬ್ಬಿ ಮೇಲೆ ಓದಿ, ಡಬ್ಬಿ ತೆಗೆದು ಪ್ಲಗ್ ಮೇಲೂ ಓದಿ. ಹೀಟ್ ರೇಂಜ್ ಅಂಕಿಯಲ್ಲಿ ಇನ್ನೂ ಒಂದು ಎಚ್ಚರ ಬೇಕು. ಎನ್‌ಜಿಕೆಯಲ್ಲಿ ಅಂಕಿ ಏರಿದರೆ ಪ್ಲಗ್ ತಣ್ಣಗೆ, ಅಂದರೆ ಬಿಸಿಯನ್ನು ಬೇಗ ಹೆಡ್‌ಗೆ ದಾಟಿಸುತ್ತದೆ. ಬಾಷ್ ಕಂಪನಿಯ ಈಗಿನ ನಂಬರುಗಳಲ್ಲಿ ಇದು ಉಲ್ಟಾ. ಎಂಜಿನ್ ಟ್ಯೂನ್ ಮಾಡಿಸಿ ಬೂಸ್ಟ್ ಏರಿಸಿದವರು ಒಂದು ಮೆಟ್ಟಿಲು ತಣ್ಣಗಿನ 7 ಹಾಕುತ್ತಾರೆ. ನನ್ನದು ಕಂಪನಿಯಿಂದ ಬಂದ ಹಾಗೇ ಇದೆ, 6 ಸಾಕು. ಮತ್ತೆ ನಾಲ್ಕೂ ಒಟ್ಟಿಗೆ ಬದಲಾಯಿಸಬೇಕು. ಒಂದನ್ನೇ ಬದಲಾಯಿಸುವ ಉಳಿತಾಯ ಉಳಿತಾಯವೇ ಅಲ್ಲ.

ಅಪ್ಪ ಹಳೆಯ ಮೂರನ್ನು ಉಜ್ಜಿ ಇಟ್ಟುಕೋ ಅಂದರು. ಅದೊಂದಕ್ಕೆ ನಾನು ಒಪ್ಪಲಿಲ್ಲ. ಕಿಡಿ ಹಾರುವುದು ಚೂಪಾದ ಅಂಚಿನಿಂದ. ಸವೆದು ದುಂಡಗಾದ ತುದಿ ಉಜ್ಜಿದರೆ ಹೊಸದಾಗುವುದಿಲ್ಲ. ಪ್ಲಾಟಿನಂ, ಇರಿಡಿಯಂ ಪ್ಲಗ್ ಆದರಂತೂ ಉಪ್ಪು ಕಾಗದ ಹತ್ತಿರವೂ ತರಬಾರದು. ದುಡ್ಡು ಕೊಟ್ಟು ತಂದ ಆ ಸಣ್ಣ ತುದಿಯೇ ಹಾಳಾಗುತ್ತದೆ.

ಆದರೆ ಹೊಸದನ್ನು ಕೂರಿಸುವಾಗ ನಡೆದದ್ದು ಪೂರ್ತಿ ಜಾವಾ ಫ್ಯಾಕ್ಟರಿ ಪಾಠವೇ. "ಕೈಯಲ್ಲಿ ತಿರುಗಬೇಕು. ತಿರುಗಲಿಲ್ಲ ಅಂದ್ರೆ ತೆಗೆದು ಮತ್ತೆ ಇಡು. ಸ್ಪ್ಯಾನರ್ ಮುಟ್ಬೇಡ." ಬಾವಿ ಆಳ ಇರುವುದರಿಂದ ಬೆರಳು ಹೋಗುವುದಿಲ್ಲ. ಪೆಟ್ರೋಲ್ ಪೈಪಿನ ಒಂದು ತುಂಡನ್ನು ಪ್ಲಗ್‌ನ ತಲೆಗೆ ಸಿಕ್ಕಿಸಿ ಇಳಿಸಿದೆ. ಮೊದಲು ಎಡಕ್ಕೆ ನಿಧಾನ ತಿರುಗಿಸಿದರೆ ಥ್ರೆಡ್ಡಿನ ಬಾಯಿಗೆ ಬಾಯಿ ಸೇರಿದಾಗ ಸಣ್ಣದಾಗಿ ಟಕ್ ಅನ್ನುತ್ತದೆ. ಅದು ಕಿವಿಗಿಂತ ಬೆರಳಿಗೆ ಚೆನ್ನಾಗಿ ಕೇಳುತ್ತದೆ. ಅಲ್ಲಿಂದ ಬಲಕ್ಕೆ. ಥ್ರೆಡ್ ಅಡ್ಡ ಹತ್ತಿದರೆ ರಬ್ಬರ್ ಪೈಪ್ ಜಾರುತ್ತದೆಯೇ ಹೊರತು ಹೆಡ್‌ಗೆ ಏಟಾಗುವುದಿಲ್ಲ. ನಾಲ್ಕೂ ಪ್ಲಗ್ ಪೈಪಲ್ಲೇ ಕೊನೆವರೆಗೆ ಇಳಿದವು, ಎರಡನೇ ಬಾವಿಯದು ಕೂಡ. ಅಪ್ಪನ ಮುಖದಲ್ಲಿ ಆಗ ನೆಮ್ಮದಿ ಬಂತು.

ಆಮೇಲೆ ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಟಾರ್ಕ್ ವ್ರೆಂಚ್. ವಾಷರ್ ಇರುವ 14 ಎಂಎಂ ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25ರಿಂದ 30 ನ್ಯೂಟನ್ ಮೀಟರ್. ಚಕ್ರದ ಬೋಲ್ಟಿಗೆ ಬಳಸುವ ದೊಡ್ಡ ವ್ರೆಂಚ್ ಇದಕ್ಕೆ ಬರುವುದಿಲ್ಲ, ಚಿಕ್ಕದು ಬೇಕು. ಟಾರ್ಕ್ ವ್ರೆಂಚ್ ಇಲ್ಲದವರು ಹೊಸ ಪ್ಲಗ್ ಕೈಯಲ್ಲಿ ಕೂತ ಮೇಲೆ ಅರ್ಧ ಸುತ್ತಿಗೂ ಮುಕ್ಕಾಲು ಸುತ್ತಿಗೂ ನಡುವೆ ಬಿಗಿದರೆ ಸಾಕು. ಥ್ರೆಡ್ಡಿಗೆ ಗ್ರೀಸ್ ಹಚ್ಚುವ ಅಭ್ಯಾಸ ತುಂಬ ಜನಕ್ಕಿದೆ. ಬೇಡ. ಹೊಸ ಪ್ಲಗ್‌ನ ಥ್ರೆಡ್ಡಿಗೆ ತುಕ್ಕು ಹಿಡಿಯದ ಲೇಪ ಮೊದಲೇ ಇರುತ್ತದೆ. ಗ್ರೀಸ್ ಹಚ್ಚಿದರೆ ಜಾರುವಿಕೆ ಜಾಸ್ತಿಯಾಗಿ, ವ್ರೆಂಚ್ 28 ತೋರಿಸುವಾಗ ಪ್ಲಗ್ ನಿಜವಾಗಿ ಅದಕ್ಕಿಂತ ಎಷ್ಟೋ ಬಿಗಿಯಾಗಿರುತ್ತದೆ.

ಕಾಯಿಲ್ ಒತ್ತಿ ಕೂರಿಸಿ, ಕನೆಕ್ಟರ್ ಸೇರಿಸಿ, ಕೋಡ್ ಅಳಿಸಿದೆ. ಅಪ್ಪ ಪಕ್ಕದ ಸೀಟಲ್ಲಿ ಕೂತರು. ಎಂಜಿನ್ ಸರಿಯಾಗಿ ಬಿಸಿಯಾಗುವವರೆಗೆ ಮೆಲ್ಲಗೆ ಹೋಗಿ, ರಿಂಗ್ ರೋಡಲ್ಲಿ ಖಾಲಿ ಜಾಗ ನೋಡಿ ಅದೇ ನಾಲ್ಕನೇ ಗೇರ್, ಅದೇ ಎರಡು ಸಾವಿರ. ಒತ್ತಿದೆ. ಮುಗ್ಗರಿಸಲಿಲ್ಲ. ಒಂದೇ ಎಳೆತದಲ್ಲಿ ಹೋಯಿತು. ಅಲ್ಲಿಂದ ಬೆಟ್ಟದ ರಸ್ತೆಗೆ ತಿರುಗಿಸಿ ಮೇಲಿನವರೆಗೂ ಹೋಗಿ ಬಂದೆವು. ಸ್ಕ್ಯಾನರ್ ಹಾಕಿದರೆ ಕೋಡ್ ಏನೂ ಇಲ್ಲ.

ಸರ್ವಿಸ್ ಪುಸ್ತಕದಲ್ಲಿ ತಾರೀಕು, ಕಿಲೋಮೀಟರ್, ಪ್ಲಗ್ ನಂಬರ್, ಗ್ಯಾಪ್, ಟಾರ್ಕ್ ಎಲ್ಲ ಬರೆದಿಟ್ಟಿದ್ದೇನೆ. ಇವು ಮಾಮೂಲಿ ನಿಕ್ಕಲ್ ಪ್ಲಗ್ಗುಗಳು, ಇಪ್ಪತ್ತು ಸಾವಿರ ಕಿಲೋಮೀಟರಿಗೆ ತೆಗೆದು ನೋಡಬೇಕು. ಮುಂದಿನ ಭಾನುವಾರ ವಾಲ್ವ್ ಕವರ್ ಗ್ಯಾಸ್ಕೆಟ್. ನಾಲ್ಕನೇ ಬಾವಿಯ ಅಂಚಿನಲ್ಲಿ ಆಯಿಲಿನ ತೇವ ಕಂಡಿದೆ, ಅದು ಕೆಳಗಿಳಿದು ಕಾಯಿಲ್ ರಬ್ಬರನ್ನು ಹಾಳು ಮಾಡುವ ಮೊದಲೇ ಬದಲಾಯಿಸಬೇಕು.